ಒಂದೇ ಒಂದು ಸುಳ್ಳು ಸಾಕು ಎಂದವರು

ನಮ್ಮ ಡ್ರೆಸ್ ಮಾಸ್ಟ್ರ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಪಿನ್ನು ಇರುತ್ತಿದ್ದವು. ಮಾತಾಡುವಾಗಲೂ ತೆಗೆಯುತ್ತಿರಲಿಲ್ಲ. ಎಡಕ್ಕೆ ಸರಿಸಿಕೊಂಡು ಬಾಯಿಯ ಬಲಗಡೆಯಿಂದ ಬೈಯುತ್ತಿದ್ದರು. ಕೆಳತುಟಿಯಲ್ಲಿ ಪಿನ್ನು ಕೂತೂ ಕೂತೂ ಒಂದು ಗುಳಿಯೇ ಬಿದ್ದುಹೋಗಿತ್ತು. ಪಿನ್ನುಗಳನ್ನು ಅಂಗೈಗೆ ಉಗಿದುಕೊಂಡರೆ ಎದುರಿಗಿದ್ದವನಿಗೆ ಕಾದಿದೆ ಎಂದು ಅರ್ಥ.

ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಪೌರಾಣಿಕ ನಾಟಕ ಆಡುವ ಊರುಗಳಿಗೆ ಕಿರೀಟ, ಗದೆ, ಗಡ್ಡ, ಜರಿ ಅಂಗಿ ಬಾಡಿಗೆಗೆ ಕೊಡುತ್ತಿದ್ದರು. ನಾಟಕದಲ್ಲಿ ಆಕಾಶಕ್ಕೆ ಹಾರುವ ಪಾತ್ರವಿದ್ದರೆ ಹಗ್ಗ, ರಾಟೆ, ಸೊಂಟದ ಪಟ್ಟಿ ಹೊತ್ತುಕೊಂಡು ತಾವೇ ಹೋಗುತ್ತಿದ್ದರು. ಹಾರಿಸುವ ಕೆಲಸವನ್ನು ಬೇರೆಯವರ ಕೈಗೆ ಬಿಟ್ಟವರಲ್ಲ. ತಗಡೂರು, ಮೂಗೂರು, ನರಸೀಪುರ, ಎಲ್ಲ ಕಡೆ ಅವರ ಹಗ್ಗದಲ್ಲಿ ಜನ ಹಾರಿದ್ದಾರೆ. ಒಬ್ಬನೂ ಬಿದ್ದಿರಲಿಲ್ಲ.

ನಾನು ಮೂಗೂರಿನವಳು. ಮದುವೆಯಾಗಿ ನಂಜನಗೂಡಿಗೆ ಬಂದೆ, ಗಂಡ ಬೇಗ ಸತ್ತ. ಕೈಹೊಲಿಗೆ ಬರುತ್ತಿತ್ತು, ಅವರ ಅಂಗಡಿ ಸೇರಿದೆ. ಇಪ್ಪತ್ತೆಂಟು ವರ್ಷ ಅಲ್ಲೇ ಹೊಲಿದೆ. ಸೇರಿದ ಹೊಸದರಲ್ಲಿ ನನಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಮುನಿಯ ಗಡ್ಡವನ್ನು ರಾಣಿಯ ಟ್ರಂಕಿಗೆ ತುಂಬಿ ಕಳಿಸಿದ್ದೆ. ಆ ಊರಿನವರು ಬಂದು ಜಗಳ ಮಾಡಿ ಹೋದ ಮೇಲೆ ಮಾಸ್ಟ್ರು ನನ್ನನ್ನು ಟ್ರಂಕುಗಳ ಮುಂದೆ ನಿಲ್ಲಿಸಿದರು. ಒಂದೊಂದರ ಮೇಲೂ ಬಿಳೀ ಬಣ್ಣದಲ್ಲಿ ರಾಜ, ರಾಣಿ, ಮುನಿ, ರಾಕ್ಷಸ ಎಂದು ಬರೆದಿತ್ತು.

"ಬೆರಳಿಟ್ಟು ತೀಡು," ಅಂದರು. "ಕಲಿಯೋವರ್ಗೂ ಸೂಜಿ ಮುಟ್ಟಕೂಡ್ದು."

ನಾಲ್ಕು ದಿನ ತೀಡಿದೆ. ರಾಕ್ಷಸ ಬರೆಯುವುದನ್ನು ಕಲಿತ ಮೇಲೆಯೇ ನನ್ನ ಹೆಸರು ಬರೆಯಲು ಕಲಿತದ್ದು. ಇವತ್ತು ಇದನ್ನು ಬರೆಯುತ್ತಿರುವುದೂ ಆ ಟ್ರಂಕಿನ ಅಕ್ಷರಗಳಲ್ಲೇ.

ಒಳ್ಳೆಯವರು ಎಂದು ಹೇಳಿ ಮುಗಿಸಿಬಿಡುವಂಥ ಮನುಷ್ಯರಲ್ಲ ಅವರು. ಮುಂಗೋಪಿ. ಯಾರ ಮನೆಯ ಕಾಫಿಯೂ ಅವರಿಗೆ ಸರಿ ಇರುತ್ತಿರಲಿಲ್ಲ. ಆದರೆ ಹಗ್ಗದ ವಿಷಯದಲ್ಲಿ ಅವರ ಪದ್ಧತಿ ಒಂದು ಕೂದಲೂ ಆಚೀಚೆ ಆಗುತ್ತಿರಲಿಲ್ಲ. ಹಾರುವವನನ್ನು ವೇಷದ ಸಮೇತ ಅಕ್ಕಿ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು. ಅವನ ತೂಕಕ್ಕೆ ಇನ್ನರ್ಧ ಸೇರಿಸಿ ಮರಳಿನ ಮೂಟೆ ಕಟ್ಟಿ ಮೊದಲು ಅದನ್ನು ಹಾರಿಸುತ್ತಿದ್ದರು. ಎಳೆಯುವುದಕ್ಕೆ ಮೂಗೂರಿನ ನಾಲ್ಕು ಜನ ಇದ್ದರು, ಯಾವಾಗಲೂ ಅವರೇ. ಯಾವುದೋ ಊರಿನವರು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸೋಣ ಎಂದಾಗ, "ಇಂಜಿನ್ಗೆ ಭಾರ ಗೊತ್ತಾಗಕಿಲ್ಲ, ಕೈಗೆ ಗೊತ್ತಾಯ್ತದೆ," ಎಂದು ಹಗ್ಗ ಸುತ್ತಿಕೊಂಡು ಎದ್ದಿದ್ದರು.

ಇನ್ನೊಂದು ಪದ್ಧತಿ ಬೆನ್ನಿನ ಹೊಲಿಗೆಯದು. ಹಾರುವ ವೇಷಕ್ಕೆ ಗುಂಡಿ, ಕೊಕ್ಕೆ, ಜಿಪ್ಪು ಯಾವುದೂ ಇಲ್ಲ. ಆ ವ್ಯಕ್ತಿಯ ಮೈಮೇಲೆಯೇ ಬೆನ್ನನ್ನು ಸರಪಳಿ ಹೊಲಿಗೆಯಲ್ಲಿ ಹೊಲಿಯಬೇಕು. ಅಕ್ಕಿ ಮೂಟೆಯ ಬಾಯಿ ಹೊಲಿದಿರುತ್ತಾರಲ್ಲ, ಸರಿಯಾದ ಎಳೆ ಸಿಕ್ಕರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದಲ್ಲ, ಅದೇ ಹೊಲಿಗೆ. ದಾರದ ತುದಿ ಸೊಂಟದ ಹತ್ತಿರ ಇಳಿಬಿದ್ದಿರಬೇಕು. ಬೆಂಕಿ ಹತ್ತಿತು, ಉಸಿರು ಕಟ್ಟಿತು, ಏನೇ ಆಗಲಿ, ತುದಿ ಹಿಡಿದು ಎಳೆದರೆ ವೇಷ ಕಳಚಿ ಬೀಳಬೇಕು. ಆ ಹೊಲಿಗೆ ಹಾಕುತ್ತಿದ್ದವಳು ನಾನು.

ಒಂದು ಸಲ ಹಾರುವ ಪಾತ್ರದವನು ಕುಡಿದು ಬಂದಿದ್ದ. ಮಾಸ್ಟ್ರು, "ಊದು," ಅಂದರು. ಊದಿದ. ಅಲ್ಲೇ ಎಳೆ ಹಿಡಿದು ಎಳೆದು ಅವನನ್ನು ಚಡ್ಡಿಯಲ್ಲಿ ನಿಲ್ಲಿಸಿದರು. ಊರಿನ ಯಜಮಾನರು, ಹುಡುಗರು, ಎಲ್ಲ ಬಂದು ಸುತ್ತಿಕೊಂಡರು. ಒಬ್ಬ ದೊಣ್ಣೆಯನ್ನೂ ತಂದಿದ್ದ. ಮಾಸ್ಟ್ರು ಹಗ್ಗದ ಟ್ರಂಕಿನ ಮೇಲೆ ಕೂತುಬಿಟ್ಟರು. "ನನ್ನ ಹೊಡೀರಿ. ಟ್ರಂಕು ತಗೀಬೇಕಾದ್ರೆ ನನ್ನ ಎತ್ತಿ ಪಕ್ಕಕ್ಕೆ ಇಡ್ಬೇಕಾಯ್ತದೆ." ಆ ನಾಟಕದಲ್ಲಿ ಹಾರಬೇಕಾದ ಪಾತ್ರ ನಡೆದುಕೊಂಡು ಬಂತು. ಜನ ನಕ್ಕರು. ಮಾಸ್ಟ್ರು ನಗಲಿಲ್ಲ.

ಹಗ್ಗ ಕಾಣುತ್ತದೆ ಎಂದು ಯಾರಾದರೂ ಆಡಿಕೊಂಡರೆ ಒಂದೇ ಉತ್ತರ: "ಕಾಣ್ಲಿ ಬುಡು. ಹಗ್ಗ ಕಂಡ್ರೂ ಜನ ಕೈ ಮುಗೀತಾರೆ. ಒಂದೇ ಒಂದು ಸುಳ್ಳು ಸಾಕು ಕಣಪ್ಪ. ಹಾರೋದು ಒಂದು ಸುಳ್ಳು. ಮಿಕ್ಕಿದ್ದೆಲ್ಲ ನಿಜ ಇದ್ರೆ ಆ ಒಂದನ್ನ ಜನವೇ ಹೊತ್ಕೊಂಡು ಹೋಯ್ತಾರೆ."

ಆಮೇಲೆ ನಾಟಕಗಳು ಕಡಿಮೆಯಾದವು. ಅಂಗಡಿಯಲ್ಲಿ ನಾವಿಬ್ಬರೇ ಕೂತಿರುತ್ತಿದ್ದೆವು. ನನ್ನ ಮೊಮ್ಮಗಳು ಬಂದಾಗ ಅವಳ ಫೋನಿನಲ್ಲಿ ಸಿನಿಮಾ ನೋಡುತ್ತಿದ್ದೆವು. ಈಗಿನ ಸೂಪರ್ ಹೀರೋ ಸಿನಿಮಾಗಳು, ಕನ್ನಡದ ಮಾತು ಕೂಡಿಸಿದವು. ಹತ್ತಂತಸ್ತಿನಿಂದ ಬಿದ್ದವನು ಎದ್ದು ಮಂಡಿ ಕೊಡವಿಕೊಂಡು ಹೋಗುತ್ತಿದ್ದ. ಮಾಸ್ಟ್ರು ಕನ್ನಡಕವನ್ನು ಹಣೆಗೇರಿಸಿ ಫೋನನ್ನು ಮೂಗಿಗೆ ಹಿಡಿದು ನೋಡುತ್ತಿದ್ದದ್ದು ಬಟ್ಟೆ ಮಾತ್ರ.

"ಮಂಡಿ ಹತ್ರ ಹರಿದೇ ಇಲ್ವಲ್ಲ ಇದು? ಕೂಸೇ, ಇವ್ನು ಒಂದಕ್ಕೆ ಹೋಗ್ಬೇಕಾದ್ರೆ ಯಾವ ಕಡೆಯಿಂದ ಬಿಚ್ತಾನೆ?"

ಮೊಮ್ಮಗಳು, "ತಾತಾ, ಸೂಪರ್ ಹೀರೋ ಒಂದಕ್ಕೆ ಹೋಗಲ್ಲ," ಅನ್ನುವಳು.

"ಹಂಗಾದ್ರೆ ಅವನ ಕಷ್ಟ ನಂಗೆ ಬ್ಯಾಡ," ಎಂದು ಫೋನು ವಾಪಸ್ಸು ಕೊಡುತ್ತಿದ್ದರು.

ಮೊಮ್ಮಗಳನ್ನು ಸಾಕಿದ್ದು ನಾನು. ನರಸೀಪುರದ ಒಂದು ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಾಳೆ. ಮಕ್ಕಳಿಗೆಂದು ಅವಳೊಂದು ಚಿತ್ರಕಥೆ ಬರೆದಿದ್ದಳು. ಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು ಅದರಲ್ಲಿ ಸೂಪರ್ ಹೀರೋ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೌಟು ಹಿಡಿದು ಹಾರುತ್ತಾಳೆ. ಹೊಳೆಗೆ ಬಿದ್ದ ಮಗುವನ್ನು ಎತ್ತಿಕೊಂಡು ನೀರಿನಿಂದ ಮೇಲಕ್ಕೆ ಏಳುತ್ತಾಳೆ. ಮದುವೆಗಳಿಗೆ ವಿಡಿಯೋ ತೆಗೆಯುವ ನರಸೀಪುರದ ಒಬ್ಬ ಹುಡುಗ ಅದನ್ನು ಸಣ್ಣ ಸಿನಿಮಾ ಮಾಡುತ್ತೇನೆ ಎಂದು ಬಂದ. ಹಾರುವವಳ ಪಾತ್ರ ನನ್ನ ಮೊಮ್ಮಗಳೇ ಮಾಡುವುದು ಎಂದಾಯಿತು. ಹಾರಿಸುವುದಕ್ಕೆ ಮಾಸ್ಟ್ರನ್ನು ಕೇಳಿಕೊಂಡರು.

ಅಂಗಡಿಯಲ್ಲಿ ಅವತ್ತು ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ. ವಿಡಿಯೋದವನಿಗೆ ಸೀರೆ ಬೇಡ.

"ಚಿತ್ರದಲ್ಲಿ ಸೀರೆ ನಡೀತದೆ ಮಾಸ್ಟ್ರೇ, ಸಿನಿಮಾದಲ್ಲಿ ನಗ್ತಾರೆ. ಈಗಿನೋರಿಗೆ ರಿಯಲ್ಲಾಗಿರ್ಬೇಕು. ಕಪ್ಪು ಸೂಟು, ತೋಳು, ಭುಜ, ಮಸಲ್ಸು, ಮೈಯೆಲ್ಲ ಕೆಸರು."

"ಈ ಕೂಸಿಗೆ ಎಲ್ಲದೆ ಮಸಲ್ಸು?"

"ಸ್ಪಂಜಲ್ಲಿ ಮಾಡೋದು ಮಾಸ್ಟ್ರೇ."

"ಅಂದ್ರೆ ರಿಯಲ್ಲಾಗಿ ಕಾಣ್ಲಿ ಅಂತ ಸುಳ್ಳು ಮಾಂಸ ತುಂಬ್ತೀಯ."

"ಹಾರ್ತಾಳಲ್ಲ, ಅಷ್ಟು ಶಕ್ತಿ ಎಲ್ಲಿಂದ ಬಂತು ಅಂತ ತೋರಿಸ್ಬೇಕಲ್ವಾ?"

"ಇನ್ನೂರು ಮಕ್ಕಳ ಅನ್ನದ ತಪ್ಪಲೆ ಇಳಿಸೋ ಹೆಂಗ್ಸು ಕಣಯ್ಯ ಅವಳು! ಅವಳ ರಟ್ಟೆ ನೋಡಿದ್ದೀಯ? ಹೋಗಿ ನೋಡು."

ಸೀರೆಯ ಚಿತ್ರ ಬರೆದವಳು ಮೊಮ್ಮಗಳೇ. ಆದರೂ, "ಸಿನಿಮಾ ಬೇರೆ ತಾತ, ಅವರು ಹೇಳೋದೂ ಸರಿ," ಅಂದಳು. ಮಾಸ್ಟ್ರು ಪಿನ್ನುಗಳನ್ನು ಅಂಗೈಗೆ ಉಗಿದುಕೊಂಡರು. ಅವಳ ಮುಖ ನೋಡಿದರು. ಬೈಯಲಿಲ್ಲ. ಆ ಹುಡುಗಿಯ ವಿಷಯದಲ್ಲಿ ಅವರು ಯಾವಾಗಲೂ ಹಾಗೆ, ಬಗ್ಗುತ್ತಿದ್ದರು. ಸೂಟಿಗೆ ಒಪ್ಪಿದರು. ದಪ್ಪ ಹಗ್ಗ ಕಾಣುತ್ತದೆ ಎಂದದ್ದಕ್ಕೆ ತೆಳು ಸ್ಟೀಲ್ ವೈರಿಗೂ ಒಪ್ಪಿದರು. ಜೆಸಿಬಿ ತರಿಸಿ ಎತ್ತುತ್ತೇನೆ ಎಂದಾಗ ಮಾತ್ರ, "ಆಳುಗಳು ಎಳೀದಿದ್ರೆ ಕೂಸು ನೆಲ ಬಿಟ್ಟು ಏಳಾಕಿಲ್ಲ," ಅಂದರು. ಅಲ್ಲಿಗೆ ಮಾತು ನಿಂತಿತು.

ಹಾಸಿಗೆಯ ಸ್ಪಂಜು ಕತ್ತರಿಸಿ ಸೂಟು ಹೊಲಿದದ್ದು ನಾನೇ. ಮೊಮ್ಮಗಳನ್ನು ಸೂಟಿನ ಸಮೇತ ತೂಗಿದರು. ಇನ್ನರ್ಧ ಸೇರಿಸಿ ಮೂಟೆ ಕಟ್ಟಿ ವೈರಿಗೆ ನೇತುಹಾಕಿದರು. ತಡೆಯಿತು. ಎಲ್ಲ ಲೆಕ್ಕದ ಪ್ರಕಾರವೇ ಇತ್ತು. ಒಂದು ಮಾತ್ರ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಇಷ್ಟು ವರ್ಷ ನಾವು ಜನರನ್ನು ಹಾರಿಸಿದ್ದು ಹಲಗೆಯ ಸ್ಟೇಜಿನ ಮೇಲಿಂದ. ಇವಳು ಏಳಬೇಕಾದದ್ದು ಹೊಳೆಯ ಒಳಗಿನಿಂದ.

ಶೂಟಿಂಗ್ ನರಸೀಪುರದ ಈಚೆ, ಕಪಿಲೆಯ ದಂಡೆಯಲ್ಲಿ. ಒಂದು ಆಲದ ಕೊಂಬೆ ನೀರಿನ ಮೇಲೆ ಚಾಚಿಕೊಂಡಿತ್ತು. ಮಳೆಗಾಲ ಕಳೆದಿದ್ದರೂ ನೀರು ಸೆಳೆಯುತ್ತಿತ್ತು. ಬೆಳಗಿನ ಹತ್ತು ಗಂಟೆ ಇರಬಹುದು. ಮಾಸ್ಟ್ರು ಏಣಿ ಹತ್ತಿ ರಾಟೆ ನೋಡುತ್ತಿದ್ದರು. ನಾನು ಮರದ ಹಿಂದೆ ಸೀರೆ ಅಡ್ಡ ಕಟ್ಟಿ ಮೊಮ್ಮಗಳಿಗೆ ಸೂಟು ಹಾಕಿಸಿ ಬೆನ್ನಿನ ಸರಪಳಿ ಹೊಲಿದೆ. ಅವಳು ಕಿವಿಗೆ ಫೋನಿನ ವೈರು ಸಿಕ್ಕಿಸಿಕೊಂಡು ತನ್ನ ಮಾತು ಉರು ಹೊಡೆಯುತ್ತಿದ್ದಳು. ವಿಡಿಯೋದವನು ಬಂದು ಹಿಂದಿನಿಂದ ನೋಡಿದ.

"ಅಜ್ಜೀ, ಬಗ್ಗಿದ್ರೆ ಇಲ್ಲಿ ಬಾಯಿ ಬಿಡ್ತದಲ್ಲ. ಕ್ಯಾಮರಾಕ್ಕೆ ಸಿಕ್ತದೆ. ಏನಾರ ಮಾಡಿ," ಎಂದು ಹೇಳಿ ಹೋದ.

ನಿಜ, ಬಾಯಿ ಬಿಡುತ್ತಿತ್ತು. ಸ್ಪಂಜು ದಪ್ಪ, ಸರಪಳಿ ಸಡಿಲ. ನನಗೂ ನಾಚಿಕೆಯಾಯಿತು. ಇಪ್ಪತ್ತೆಂಟು ವರ್ಷ ಹೊಲಿದವಳ ಹೊಲಿಗೆ ಬಾಯಿ ಬಿಡುವುದು ಎಂದರೇನು! ದಾರ ಎರಡೆಳೆ ಮಾಡಿಕೊಂಡೆ. ಸರಪಳಿಯ ಮೇಲೆಯೇ, ಮಧ್ಯದಲ್ಲಿ, ಹನ್ನೊಂದು ಗಟ್ಟಿ ಹೊಲಿಗೆ ಹಾಕಿ ಗಂಟು ಬಿಗಿದೆ. ಮೊಮ್ಮಗಳಿಗೆ ಗೊತ್ತೇ ಆಗಲಿಲ್ಲ. ಬೆನ್ನು ನೋಡಲು ಅಂದವಾಯಿತು. ಏಣಿಯ ಮೇಲಿದ್ದ ಮಾಸ್ಟ್ರನ್ನು ಕೂಗಿ ಕೇಳಬೇಕು ಎಂದು ಒಂದು ಸಲ ಅನ್ನಿಸಿತು. ಕೂಗಲಿಲ್ಲ.

ಮೊಮ್ಮಗಳು ನೀರಿಗಿಳಿದು ಎದೆಮಟ್ಟ ನಿಂತಳು. ತಲೆ ಮುಳುಗಿಸಿದಳು. ವಿಡಿಯೋದವನು ಕೈ ಬೀಸಿದ. ದಂಡೆಯಲ್ಲಿದ್ದ ಮೂಗೂರಿನ ಆಳುಗಳು ಎಳೆದರು. ಅವಳು ನೀರಿನಿಂದ ಎದ್ದಳು. ಚೆನ್ನಾಗಿಯೇ ಕಂಡಿತು, ಇಲ್ಲ ಎನ್ನುವುದಿಲ್ಲ. ಸರಿಯಾಗಿಲ್ಲ, ಇನ್ನೊಂದು ಸಲ ಎಂದ. ಮತ್ತೆ ಮುಳುಗಿದಳು. ಮೂರನೆಯ ಸಲವೂ ಮುಳುಗಿದಳು. ಪ್ರತಿ ಸಲವೂ ಆ ಸ್ಪಂಜು ನೀರು ಕುಡಿಯುತ್ತಿತ್ತು.

ಮೂರನೆಯ ಸಲ ಎಳೆಯುವಾಗ ಮುಂದಿದ್ದ ಆಳು ಕಿರುಚಿದ. "ಮಾಸ್ಟ್ರೇ, ಬಾರ ಜಾಸ್ತಿ ಆಗದೆ! ಕೂಸಲ್ಲ ಇದು, ಎಮ್ಮೆ ಎಳ್ದಂಗಾಯ್ತದೆ!"

ಮಾಸ್ಟ್ರಿಗೆ ಆ ಕ್ಷಣಕ್ಕೆ ಎಲ್ಲ ಹೊಳೆಯಿತು ಎಂದು ಕಾಣುತ್ತದೆ. "ಇಳಿಸ್ರೋ! ಮೆಲ್ಲಗೆ, ಮೆಲ್ಲಗೆ ಇಳಿಸ್ರೋ!"

ಅವಳು ಎರಡಾಳು ಎತ್ತರದಲ್ಲಿದ್ದಳು. ಕೆಳಗೆ ಒಂದು ಕಡೆ ಬಂಡೆ, ಒಂದು ಕಡೆ ಮಡು. ಆಳುಗಳು ಇಳಿಸುತ್ತಾ ಬಂದರು. ನೀರಿಗೆ ಇನ್ನೊಂದು ಮೊಳ ಇರುವಾಗ ಟಿಣ್ ಎಂದು ಸದ್ದಾಯಿತು. ವೈರು ಹಾವಿನ ಹಾಗೆ ಮೇಲಕ್ಕೆ ಚಿಮ್ಮಿತು. ಅವಳು ಮಡುವಿಗೆ ಬಿದ್ದಳು.

ಹೊಳೆದಂಡೆಯಲ್ಲಿ ಬೆಳೆದ ಹುಡುಗಿ, ಈಜು ಬರುತ್ತದೆ. ತಲೆ ಎತ್ತಿದಳು. ಕೈ ಎತ್ತಲು ಹೋದಳು, ತೋಳಿನ ಸ್ಪಂಜು ಎತ್ತಲು ಬಿಡಲಿಲ್ಲ. ಮುಳುಗಿದಳು. ಮತ್ತೆ ಎದ್ದಳು.

"ಎಳೆ ಎಳ್ಕೊ ಕೂಸೇ! ಬೆನ್ನಿನ ಎಳೆ ಎಳ್ಕೊ!" ಮಾಸ್ಟ್ರು ಕೂಗಿದರು.

ಅವಳ ಕೈ ಹಿಂದಕ್ಕೆ ಹೋದದ್ದು ಕಂಡಿತು. ಎಳೆದಳು. ನಾಲ್ಕು ಬೆರಳಿನಷ್ಟು ಬಿಚ್ಚಿಕೊಂಡಿತು. ನಿಂತಿತು. ಮತ್ತೆ ಎಳೆದಳು. ದಾರ ಕೈಗೆ ಬಂತು, ಬೆನ್ನು ಬಿಚ್ಚಲಿಲ್ಲ.

ಮಾಸ್ಟ್ರು ತಿರುಗಿ ನನ್ನನ್ನು ನೋಡಿದರು. ಒಂದೇ ಒಂದು ಸಲ. ಅವರಿಗೆ ಗೊತ್ತಾಗಿಹೋಗಿತ್ತು.

ಬೇಡವೆಂದು ವಿಡಿಯೋದವನು ಪಕ್ಕಕ್ಕೆ ಎಸೆದಿದ್ದ ದಪ್ಪ ನಾರಿನ ಹಗ್ಗ ಅಲ್ಲೇ ಬಿದ್ದಿತ್ತು. ಅದನ್ನು ಸೊಂಟಕ್ಕೆ ಸುತ್ತಿಕೊಂಡು, ತುದಿಯನ್ನು ಆಳುಗಳ ಕಡೆ ಎಸೆದು, ಕತ್ತರಿ ಹಿಡಿದು ನೀರಿಗೆ ನಡೆದರು. ಎಪ್ಪತ್ತು ದಾಟಿದ ಮನುಷ್ಯ. ಈಜು ಬರುತ್ತಿರಲಿಲ್ಲ ಅವರಿಗೆ. ನನಗದು ಗೊತ್ತಿತ್ತು, ಆಳುಗಳಿಗೂ ಗೊತ್ತಿತ್ತು. ಎರಡು ಹೆಜ್ಜೆಗೆ ಕುತ್ತಿಗೆ, ಮೂರನೆಯದಕ್ಕೆ ತಲೆಯೇ ಇಲ್ಲ. ಸೆಳವು ಅವರನ್ನು ಅವಳ ಮೇಲಕ್ಕೆ ತಳ್ಳಿತು. ಇಬ್ಬರೂ ಒಟ್ಟಿಗೆ ಮುಳುಗಿದರು. ನೀರಿನ ಮೇಲೆ ಏನೂ ಇರಲಿಲ್ಲ. ಹಗ್ಗ ಮಾತ್ರ ಬಿಗಿಯಾಗಿ ನಿಂತಿತ್ತು.

ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಒಬ್ಬ ಆಳು, "ಎಳೀಲಾ?" ಅಂದ. ಇನ್ನೊಬ್ಬ, "ತಡ್ಯೋ, ಕತ್ತರಿಸ್ತಾವ್ರೆ, ಹಗ್ಗ ಅಲ್ಲಾಡ್ತದೆ ನೋಡು," ಅಂದ. ನಾನು ಯಾವ ದೇವರನ್ನೂ ಕರೆಯಲಿಲ್ಲ. ಹನ್ನೊಂದು, ಹನ್ನೊಂದು ಎಂದಷ್ಟೇ ತಲೆಯಲ್ಲಿ ಓಡುತ್ತಿತ್ತು.

ಮೊದಲು ಸೂಟು ತೇಲಿತು. ಖಾಲಿ ತೋಳು, ಖಾಲಿ ಭುಜ. ನನ್ನ ಜೀವ ಹೋಯಿತು ಅಂದುಕೊಂಡೆ. ಅದರ ಹಿಂದೆಯೇ ಅವಳ ತಲೆ ಮೇಲೆ ಬಂತು. ಆಳುಗಳು ಹಗ್ಗ ಎಳೆದರು. ಮಾಸ್ಟ್ರ ಒಂದು ಕೈ ಅವಳ ಸೊಂಟದ ಪಟ್ಟಿಯಲ್ಲಿ ಸಿಕ್ಕಿಕೊಂಡಿತ್ತು.

ದಂಡೆಯಲ್ಲಿ ಇಬ್ಬರೂ ನೀರು ಕಾರಿದರು. ವಿಡಿಯೋದವನು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. "ಹೊಲಿಗೆ ಯಾಕೆ ಬಿಚ್ಚಲಿಲ್ಲ? ಬಿಚ್ತದೆ ಅಂದಿದ್ರಲ್ಲ ಮಾಸ್ಟ್ರೇ?" ಎಂದು ಅಳುತ್ತಲೇ ಕೇಳಿದ.

ಮಾಸ್ಟ್ರು ಕತ್ತರಿಸಿ ಕೈಯಲ್ಲೇ ಹಿಡಿದಿದ್ದ, ನನ್ನ ಗಂಟು ಇದ್ದ ಸೂಟಿನ ಬೆನ್ನಿನ ತುಂಡನ್ನು ಮುದುರಿ ಒದ್ದೆ ಜೇಬಿಗೆ ತುರುಕಿಕೊಂಡರು. "ನನ್ನ ಲೆಕ್ಕ ತಪ್ಪಾಯ್ತು. ಒದ್ದೆ ತೂಕ ನೋಡ್ಲಿಲ್ಲ. ಬೆನ್ನಿನ ಹೊಲಿಗೆ ಕೊನೇಲಿ ಸರಿ ಮಾಡ್ದೋನೂ ನಾನೇ, ಎಳೆ ಸಿಕ್ಕಾಕ್ಕೊಂತು," ಅಂದರು.

ನಂಜನಗೂಡಿನ ಬಸ್ಸಿನಲ್ಲಿ ಅವರ ಪಕ್ಕ ಕೂತೆ. ಮೊಮ್ಮಗಳು ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು.

"ಎಷ್ಟು ಹಾಕಿದ್ದೆ?" ಅಂದರು.

"ಹನ್ನೊಂದು."

"ಕೂಗ್ಬೇಕಾಗಿತ್ತು ಕಣವ್ವ ನನ್ನ."

"ಕೂಗ್ಲಿಲ್ಲ."

ಬಸ್ಸು ಆಲಂಬೂರು ದಾಟಿತು. ಆಮೇಲೆ ನಾನೇ ಕೇಳಿದೆ, ನಿಮ್ಮದು ಅಂತ ಯಾಕೆ ಹೇಳಿದಿರಿ ಎಂದು. ಕಿಟಕಿಯ ಕಡೆ ನೋಡುತ್ತಾ ಅಂದರು: "ಆ ಕೂಸು ಇನ್ನೂ ನಿನ್ನ ಕೈ ಅನ್ನ ಉಣ್ಬೇಕು. ನನ್ನ ಕೈದಲ್ಲ."

ಆ ಮಾತು ಸುಲಭವಾಗಿ ಆಡಿದರು. ಬೆಲೆ ಸುಲಭವಾಗಿರಲಿಲ್ಲ. ಮುದುಕನ ಹೊಲಿಗೆ ಬಿಚ್ಚಲಿಲ್ಲವಂತೆ, ಹುಡುಗಿ ಸಾಯುತ್ತಿದ್ದಳಂತೆ ಎಂದು ಊರಿಂದೂರಿಗೆ ಹೋಯಿತು. ಇದ್ದ ನಾಲ್ಕು ನಾಟಕದ ಸಂಘದವರೂ ಮೈಸೂರಿನಿಂದ ಡ್ರೆಸ್ ತರಿಸಿಕೊಂಡರು. ಹಗ್ಗದ ಟ್ರಂಕನ್ನು ಯಾರೂ ಕೇಳಲಿಲ್ಲ. ಅವರು ದಿನಾ ಅಂಗಡಿ ತೆಗೆದು ಕೂರುತ್ತಿದ್ದರು, ನಾನೂ ಕೂರುತ್ತಿದ್ದೆ. ಒಂದು ದಿನವಾದರೂ ಬಾಯಿ ತಪ್ಪಿ ನಿಜ ಆಡಲಿಲ್ಲ. ನಾನು ಆಡಬಹುದಾಗಿತ್ತು. ಆಡಲಿಲ್ಲ. ನಾಳೆ ಹೇಳೋಣ ಎಂದು ಎರಡು ವರ್ಷ ಕಳೆದೆ.

ವಿಡಿಯೋದವನು ಸಿನಿಮಾ ಬಿಡಲಿಲ್ಲ. ಮೊಮ್ಮಗಳು ಸೂಟು ಬೇಡವೇ ಬೇಡ ಎಂದಳು. ಬಿಸಿಯೂಟದವಳ ಹಳೇ ಸೀರೆಯನ್ನೇ ಉಟ್ಟು, ನಾರಿನ ಹಗ್ಗದಲ್ಲೇ, ಸ್ಕೂಲಿನ ಅಂಗಳದಲ್ಲಿ ಮೂರಡಿ ಎತ್ತರ ಹಾರಿದಳು. ಹೊಳೆಯ ಪ್ರಸಂಗವನ್ನೇ ತೆಗೆದುಹಾಕಿದರು. ಆಳುಗಳು ಎಳೆದರು, ಮಾಸ್ಟ್ರು ಕುರ್ಚಿಯಲ್ಲಿ ಕೂತು ಕೆಮ್ಮುತ್ತಾ ಹೇಳಿಕೊಟ್ಟರು. ಸ್ಕೂಲಿನಲ್ಲಿ ತೋರಿಸಿದಾಗ ಹಗ್ಗ ಎದ್ದು ಕಾಣುತ್ತಿತ್ತು. ಯಾವ ಮಗುವೂ ಹಗ್ಗದ ಸುದ್ದಿ ಎತ್ತಲಿಲ್ಲ. ಇಳಿಯುವಾಗ ಅವಳು ಎಡವಿದಳು, ಸಾರಿನ ಸೌಟು ಬಿತ್ತು. ಹಿಂದೆ ಕೂತಿದ್ದ ಒಬ್ಬ ಹೆಂಗಸು, "ಅಯ್ಯೋ, ಕಾಲು ಉಳುಕ್ತೇನೋ!" ಎಂದು ಎದ್ದೇ ನಿಂತಳು. ಮಾಸ್ಟ್ರು ಅದನ್ನು ಕೇಳಿಸಿಕೊಂಡರು. ಹೊಗಳುತ್ತಾರೆ ಎಂದು ವಿಡಿಯೋದವನು ಕಾದಿದ್ದ. "ಸೆರಗು ಸರಿಯಾಗಿ ಸಿಕ್ಕಿಸಿಲ್ಲ," ಅಂದರು.

ಈ ವರ್ಷ ಬೇಸಿಗೆಗೆ ಮುಂಚೆ ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿತ್ತು ಎಂದರು ಡಾಕ್ಟರು. ಹೊಳೆಯ ನೀರಿನಿಂದಲೇ ಬಂತು ಎಂದು ನಾನು ಹೇಳುವುದಿಲ್ಲ, ನನಗೆ ಗೊತ್ತಿಲ್ಲ. ಅಲ್ಲ ಎಂದೂ ಹೇಳಲಾರೆ. ಮಣ್ಣಿಗೆ ಬಂದವರು ಹನ್ನೆರಡು ಜನ. ಅವರಲ್ಲೊಬ್ಬ, "ಒಳ್ಳೇ ಕೆಲಸಗಾರ, ಕೊನೇಲಿ ಕೈ ಕೆಟ್ಟೋಯ್ತು," ಅಂದ. ಅವತ್ತೂ ನಾನು ಸುಮ್ಮನೆ ನಿಂತಿದ್ದೆ.

ಮನೆಗೆ ಬಂದು ಮೊಮ್ಮಗಳಿಗೆ ಎಲ್ಲ ಹೇಳಿದೆ. ಅವಳು ಎದ್ದು ಹೊರಗೆ ಹೋದಳು. ಮೂರು ದಿನ ಸ್ಕೂಲಿನಲ್ಲೇ ಊಟ ಮಾಡಿದಳು. ನಾಲ್ಕನೆಯ ದಿನ ಬೆಳಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ಅಜ್ಜಿ, ಮೂಗೂರಿನ ಆ ಆಳುಗಳಿಗೆ ಗೊತ್ತಾ?"

"ಇಲ್ಲ."

"ವಿಡಿಯೋ ಅಣ್ಣಂಗೆ?"

"ಇಲ್ಲ."

"ಬರಿ. ಬರೆದು ಕೊಡು, ನಾನೇ ಎಲ್ಲರಿಗೂ ಓದಿ ಹೇಳ್ತೀನಿ."

ಅದಕ್ಕೇ ಬರೆದೆ. ಮಾಸ್ಟ್ರ ಎಳೆ ಬಿಚ್ಚುತ್ತಿತ್ತು. ಬಿಚ್ಚದ ಹಾಗೆ ಮಾಡಿದವಳು ನಾನು.